ಮೌಸ್ ಕೆಲಸ ಮಾಡ್ತಿಲ್ಲ, ಏನು ಮಾಡಲಿ? – ಪದೇ ಪದೇ ಕೇಳುವ ಪ್ರಶ್ನೆಗಳು

ಮಲೆನಾಡಿನ ಒಂದು ತಾಲ್ಲೂಕು ಊರಿನಲ್ಲಿ ನನ್ನ ಕಂಪ್ಯೂಟರ್ ರಿಪೇರಿ ಅಂಗಡಿ ಇದೆ. ಮೌಸ್ ಕೈಕೊಟ್ಟಿತು ಅಂತ ಫೋನ್ ಬಾರದ ದಿನವೇ ಕಡಿಮೆ. ಹಾಳಾಗಿದೆ ಅಂತ ತಂದುಕೊಟ್ಟ ಎಷ್ಟೋ ಮೌಸ್‌ಗಳು ಚೆನ್ನಾಗಿಯೇ ಇರುತ್ತವೆ. ತೊಂದರೆ ಇರುವುದು ಮೌಸ್ ಪಿನ್ ಸಿಕ್ಕಿಸುವ ಪೋರ್ಟ್‌ನಲ್ಲಿ, ಸೆಲ್‌ನಲ್ಲಿ, ಇಲ್ಲವೇ ಯಾರೋ ಗೊತ್ತಿಲ್ಲದೆ ಬದಲಿಸಿದ ಸೆಟ್ಟಿಂಗ್‌ನಲ್ಲಿ. ಹೊಸ ಮೌಸ್ ಕೊಂಡು ಮನೆಗೆ ಹೋಗಿ, ಅದೂ ಓಡದೆ ಸಂಜೆ ವಾಪಸ್ ಬಂದವರನ್ನು ನೋಡಿದ್ದೇನೆ. ಹಾಗಾಗಿ ಇಲ್ಲಿನ ಎಲ್ಲ ಉತ್ತರಗಳೂ ಒಂದೇ ಕಡೆಗೆ ಬರುತ್ತವೆ: ದುಡ್ಡು ಬಿಚ್ಚುವ ಮೊದಲು ತೊಂದರೆ ಮೌಸ್‌ನದೋ ಕಂಪ್ಯೂಟರ್‌ನದೋ ಅಂತ ಗೊತ್ತು ಮಾಡಿಕೊಳ್ಳಿ. ಹೆಚ್ಚಿನ ಉತ್ತರಗಳು ವಿಂಡೋಸ್ 10 ಮತ್ತು 11ಕ್ಕೆ ಸಂಬಂಧಿಸಿದವು.

ಕಂಪ್ಯೂಟರ್ ಆನ್ ಆಗಿದೆ, ಆದರೆ ಬಾಣ ಅಲ್ಲಾಡುತ್ತಲೇ ಇಲ್ಲ. ಮೊದಲು ಏನು ನೋಡಬೇಕು?

ಮೌಸ್ ಮುಟ್ಟಬೇಡಿ. ಕೀಬೋರ್ಡ್‌ನಲ್ಲಿ ಕ್ಯಾಪ್ಸ್ ಲಾಕ್ ಒತ್ತಿ, ಅದರ ಪುಟ್ಟ ದೀಪ ಹತ್ತಿ ಆರುತ್ತದೆಯೇ ನೋಡಿ. ಹತ್ತಿ ಆರಿದರೆ ಕಂಪ್ಯೂಟರ್‌ಗೆ ಜೀವ ಇದೆ, ತೊಂದರೆ ಮೌಸ್ ಕಡೆಯದು. ಎಷ್ಟು ಒತ್ತಿದರೂ ದೀಪ ಇದ್ದ ಹಾಗೇ ಇದ್ದರೆ ಕಂಪ್ಯೂಟರೇ ಹ್ಯಾಂಗ್ ಆಗಿರುವ ಸಾಧ್ಯತೆ ಜಾಸ್ತಿ. ಆಗ ಎರಡು ನಿಮಿಷ ಕಾಯಿರಿ. ಏನೂ ಆಗದಿದ್ದರೆ ಪವರ್ ಬಟನ್ ಅನ್ನು ಹತ್ತು ಸೆಕೆಂಡ್ ಒತ್ತಿ ಹಿಡಿದು ಆಫ್ ಮಾಡಿ, ಮತ್ತೆ ಆನ್ ಮಾಡಿ. ಸೇವ್ ಮಾಡದ ಕೆಲಸ ಹೋಗುತ್ತದೆ, ಅದಕ್ಕೇ ಇದು ಕೊನೆಯ ದಾರಿ.

ನಿಮ್ಮ ಕೀಬೋರ್ಡ್‌ನಲ್ಲಿ ಆ ದೀಪ ಇಲ್ಲದಿದ್ದರೆ ಕಂಟ್ರೋಲ್, ಆಲ್ಟ್, ಡಿಲೀಟ್ ಮೂರನ್ನೂ ಒಟ್ಟಿಗೆ ಒತ್ತಿ. ಪರದೆ ಬದಲಾದರೆ ಕಂಪ್ಯೂಟರ್ ಸರಿ ಇದೆ ಅಂತ ಅರ್ಥ.

ಕಂಪ್ಯೂಟರ್ ಸರಿ ಇದೆ. ಹಾಗಾದರೆ ಮೌಸ್ ಹಾಳು ಅಂತಲೇ ಅಲ್ವಾ?

ಇನ್ನೂ ಹಾಗೆ ಹೇಳುವಂತಿಲ್ಲ. ಮೌಸ್ ತೆಗೆದು ಬೇರೆ ಪೋರ್ಟ್‌ಗೆ ಹಾಕಿ. ಡೆಸ್ಕ್‌ಟಾಪ್ ಆದರೆ ಮುಂದಿನ ಪೋರ್ಟ್ ಬಿಟ್ಟು ಹಿಂದಿನದಕ್ಕೆ ಹಾಕಿ. ಮುಂದಿನ ಪೋರ್ಟ್‌ಗಳು ಒಳಗಿನ ಒಂದು ವೈರ್ ಮೂಲಕ ಮದರ್‌ಬೋರ್ಡ್‌ಗೆ, ಅಂದರೆ ಕಂಪ್ಯೂಟರ್ ಒಳಗಿನ ಮುಖ್ಯ ಬೋರ್ಡ್‌ಗೆ ಸೇರಿರುತ್ತವೆ, ದಿನಾ ಪೆನ್‌ಡ್ರೈವ್ ಹಾಕಿ ತೆಗೆದು ಲೂಸ್ ಆಗಿರುತ್ತವೆ. ಹಿಂದಿನವು ನೇರ ಮದರ್‌ಬೋರ್ಡ್ ಮೇಲೇ ಕೂತಿರುತ್ತವೆ. ನಡುವೆ ಒಂದು ಪೋರ್ಟನ್ನು ಹಲವು ಮಾಡುವ ಯುಎಸ್‌ಬಿ ಹಬ್ ಇದ್ದರೆ ಅದನ್ನೂ ತೆಗೆದುಬಿಡಿ.

ಆಮೇಲೆ ಅದೇ ಮೌಸನ್ನು ಇನ್ನೊಂದು ಕಂಪ್ಯೂಟರ್‌ಗೆ ಹಾಕಿ ನೋಡಿ. ಮನೆಯಲ್ಲಿ ಇನ್ನೊಂದು ಎಲ್ಲಿದೆ ಅಂತ ಕೇಳುತ್ತೀರಿ. ನಿಮ್ಮ ಆಂಡ್ರಾಯ್ಡ್ ಫೋನೇ ಸಾಕು! ಫೋನ್‌ಗೆ ಯುಎಸ್‌ಬಿ ಸಾಧನ ಜೋಡಿಸಲು ಐವತ್ತು ನೂರು ರೂಪಾಯಿಗೆ ಸಿಗುವ ಓಟಿಜಿ ಪಿನ್ ಒಂದನ್ನು ಫೋನ್‌ಗೆ ಸಿಕ್ಕಿಸಿ, ಅದಕ್ಕೆ ಮೌಸ್ ಹಾಕಿ. ಫೋನ್‌ಗೆ ಓಟಿಜಿ ಸೌಲಭ್ಯ ಇದ್ದರೆ ಅದರ ಪರದೆ ಮೇಲೆ ಪುಟ್ಟ ಬಾಣ ಮೂಡುತ್ತದೆ, ಮೌಸ್ ಸರಿಸಿದ ಹಾಗೆ ಓಡಾಡುತ್ತದೆ. ಕೆಲವು ಫೋನ್‌ಗಳಲ್ಲಿ ಮಾತ್ರ ಓಟಿಜಿಯನ್ನು ಸೆಟ್ಟಿಂಗ್ಸ್‌ನಲ್ಲಿ ಆನ್ ಮಾಡಬೇಕು. ಡಾಂಗಲ್ (ಮೌಸ್‌ನ ಸಿಗ್ನಲ್ ಹಿಡಿಯಲು ಪೋರ್ಟ್‌ಗೆ ಸಿಕ್ಕಿಸುವ ಪುಟ್ಟ ತುಂಡು) ಇರುವ ವೈರ್‌ಲೆಸ್ ಮೌಸನ್ನೂ ಹೀಗೆ ನೋಡಬಹುದು. ಫೋನ್‌ನಲ್ಲಿ ಓಡಿತು ಅಂದರೆ ಮೌಸ್ ಮೇಲೆ ತಪ್ಪಿಲ್ಲ, ಕಂಪ್ಯೂಟರ್ ಕಡೆ ಹುಡುಕಬೇಕು. ನನ್ನ ಮೇಜಿನ ಡ್ರಾಯರ್‌ನಲ್ಲಿ ಈ ಪಿನ್ ಸದಾ ಇರುತ್ತದೆ. ಗ್ರಾಹಕರ ಎದುರಿಗೇ ಅವರ ಫೋನ್‌ಗೇ ಹಾಕಿ ತೋರಿಸುತ್ತೇನೆ, ಮಾತಿಗಿಂತ ಅದು ಬೇಗ ಅರ್ಥವಾಗುತ್ತದೆ.

ಅರ್ಧ ತುಂಬಿದ ಅರ್ಜಿ ಹಾಗೇ ಇದೆ, ಮೌಸ್ ಇಲ್ಲ. ಬರೀ ಕೀಬೋರ್ಡ್‌ನಲ್ಲಿ ಕೆಲಸ ಮುಗಿಸಬಹುದಾ?

ಧಾರಾಳವಾಗಿ. ಇದನ್ನು ಎಲ್ಲರೂ ಕಲಿತಿರಬೇಕು ಅನ್ನುವುದು ನನ್ನ ಆಸೆ. ಒಂದು ರಾತ್ರಿ ಹತ್ತೂವರೆಗೆ ಒಬ್ಬ ಹುಡುಗಿ ಫೋನ್ ಮಾಡಿದಳು. ನೇಮಕಾತಿ ಅರ್ಜಿಗೆ ಅವತ್ತೇ ಕೊನೆ ದಿನ. ಹನ್ನೆರಡು ಗಂಟೆಗೆ ವೆಬ್‌ಸೈಟ್ ಮುಚ್ಚುತ್ತದೆ, ಮೌಸ್ ಸತ್ತಿದೆ. "ಅಣ್ಣಾ, ಫೋಟೊ ಅಪ್‌ಲೋಡ್ ಮಾಡೋದೊಂದೇ ಬಾಕಿ" ಅಂತ ಅಳುತ್ತಿದ್ದಳು. ಫೋನ್‌ನಲ್ಲೇ ಒಂದೊಂದು ಕೀ ಹೇಳುತ್ತಾ ಹೋದೆ. ಟ್ಯಾಬ್ ಒತ್ತು ತಂಗಿ, ಈಗ ಗೆರೆ ಯಾವ ಬಟನ್ ಸುತ್ತ ಬಂತು? ಇನ್ನೊಂದು ಸಲ ಒತ್ತು. ಹನ್ನೊಂದು ಗಂಟೆಗೆ ಅರ್ಜಿ ಹೋಯಿತು.

ಅವತ್ತು ಹೇಳಿದ್ದನ್ನೇ ಇಲ್ಲಿ ಬರೆಯುತ್ತೇನೆ. ಟ್ಯಾಬ್ ಒತ್ತಿದರೆ ಮುಂದಿನ ಜಾಗಕ್ಕೆ ಹೋಗುತ್ತೀರಿ. ಶಿಫ್ಟ್ ಹಿಡಿದು ಟ್ಯಾಬ್ ಒತ್ತಿದರೆ ಹಿಂದಕ್ಕೆ. ನೀವು ಎಲ್ಲಿದ್ದೀರಿ ಅನ್ನುವುದನ್ನು ಬಟನ್ ಸುತ್ತ ಬರುವ ತೆಳುವಾದ ಗೆರೆ ತೋರಿಸುತ್ತದೆ. ಟಿಕ್ ಹಾಕಲು ಸ್ಪೇಸ್‌ಬಾರ್, ಬಟನ್ ಒತ್ತಲು ಎಂಟರ್ ಅಥವಾ ಸ್ಪೇಸ್‌ಬಾರ್. ಜಿಲ್ಲೆ, ತಾಲ್ಲೂಕು ಆರಿಸುವ ಪಟ್ಟಿಗಳಲ್ಲಿ ಮೇಲೆ ಕೆಳಗೆ ಹೋಗುವ ಬಾಣದ ಕೀ. ರೈಟ್ ಕ್ಲಿಕ್ ಬೇಕಾದರೆ ಶಿಫ್ಟ್ ಮತ್ತು ಎಫ್10. ಒಂದು ಕಿಟಕಿಯಿಂದ ಇನ್ನೊಂದಕ್ಕೆ ಹೋಗಲು ಆಲ್ಟ್ ಮತ್ತು ಟ್ಯಾಬ್. ಸೇವ್‌ಗೆ ಕಂಟ್ರೋಲ್ ಮತ್ತು ಎಸ್. ಯಾವುದಾದರೂ ಪ್ರೋಗ್ರಾಂ ತೆರೆಯಬೇಕಾದರೆ ವಿಂಡೋಸ್ ಕೀ ಒತ್ತಿ, ಅದರ ಹೆಸರು ಟೈಪ್ ಮಾಡಿ, ಎಂಟರ್ ಒತ್ತಿ.

ಶಟ್‌ಡೌನ್‌ಗೆ: ವಿಂಡೋಸ್ ಕೀ ಮತ್ತು ಡಿ ಒತ್ತಿ ಡೆಸ್ಕ್‌ಟಾಪ್‌ಗೆ ಬನ್ನಿ, ಆಮೇಲೆ ಆಲ್ಟ್ ಮತ್ತು ಎಫ್4, ಆಮೇಲೆ ಎಂಟರ್. ಸ್ವಿಚ್ ಬೋರ್ಡ್‌ನಲ್ಲಿ ಹಾಗೇ ಆಫ್ ಮಾಡಬೇಡಿ.

ಕೀಬೋರ್ಡ್‌ನಿಂದ ಬಾಣವನ್ನೇ ಓಡಿಸಬಹುದು ಅಂತಾರೆ, ಹೌದಾ?

ಹೌದು. ಎಡಗಡೆಯ ಆಲ್ಟ್, ಎಡಗಡೆಯ ಶಿಫ್ಟ್ ಎರಡನ್ನೂ ಹಿಡಿದು ನಮ್ ಲಾಕ್ ಒತ್ತಿ. ಮೌಸ್ ಕೀಸ್ ಆನ್ ಮಾಡಲಾ ಅಂತ ಕೇಳುತ್ತದೆ, ಎಂಟರ್ ಒತ್ತಿ. ಈಗ ಬಲಗಡೆ ಅಂಕಿಗಳಲ್ಲಿ 4 ಎಡಕ್ಕೆ, 6 ಬಲಕ್ಕೆ, 8 ಮೇಲಕ್ಕೆ, 2 ಕೆಳಕ್ಕೆ. 5 ಒತ್ತಿದರೆ ಕ್ಲಿಕ್, ಕೂಡುವ ಚಿಹ್ನೆ ಒತ್ತಿದರೆ ಡಬಲ್ ಕ್ಲಿಕ್. ಬಾಣ ಆಮೆ ಥರ ಹೋಗುತ್ತದೆ, ಆದರೆ ಹೋಗುತ್ತದೆ. ಬಲಗಡೆ ಅಂಕಿಗಳ ಸಾಲು ಇಲ್ಲದ ಚಿಕ್ಕ ಲ್ಯಾಪ್‌ಟಾಪ್‌ನಲ್ಲಿ ಇದು ಉಪಯೋಗಕ್ಕೆ ಬರುವುದಿಲ್ಲ. ಕೆಲಸ ಮುಗಿದ ಮೇಲೆ ಅದೇ ಮೂರು ಕೀ ಒತ್ತಿ ಆಫ್ ಮಾಡಿ, ಇಲ್ಲದಿದ್ದರೆ ಅಂಕಿ ಟೈಪ್ ಆಗುತ್ತಿಲ್ಲ ಅಂತ ಮತ್ತೊಂದು ಗಾಬರಿ ಆಗುತ್ತದೆ.

ಮೌಸ್ ಕೆಳಗಿನ ಕೆಂಪು ದೀಪ ಉರಿಯುತ್ತಿಲ್ಲ. ಅಂದರೆ ಹೋಯಿತಾ?

ವೈರ್ ಇರುವ ಸಾಧಾರಣ ಮೌಸ್‌ನಲ್ಲಿ ದೀಪ ಇಲ್ಲ ಅಂದರೆ ಕರೆಂಟ್ ತಲುಪುತ್ತಿಲ್ಲ ಅಂತ. ಪೋರ್ಟ್ ಬದಲಿಸಿದರೂ ಬರದಿದ್ದರೆ ವೈರ್ ಒಳಗೆ ತುಂಡಾಗಿರಬಹುದು. ಆದರೆ ಎಲ್ಲ ಮೌಸ್‌ಗೂ ಕೆಂಪು ದೀಪ ಇರುವುದಿಲ್ಲ. ವೈರ್‌ಲೆಸ್ ಮೌಸ್‌ಗಳಲ್ಲಿ ಹಲವು ಕಣ್ಣಿಗೆ ಕಾಣದ ಇನ್‌ಫ್ರಾರೆಡ್ ಬೆಳಕು ಬಳಸುತ್ತವೆ. ಫೋನಿನ ಸೆಲ್ಫಿ ಕ್ಯಾಮೆರಾ ಆನ್ ಮಾಡಿ, ಮೌಸ್‌ನ ಹೊಟ್ಟೆಯನ್ನು ಅದಕ್ಕೆ ತೋರಿಸಿ. ಎಷ್ಟೋ ಫೋನ್‌ಗಳಲ್ಲಿ ಆ ಬೆಳಕು ತಿಳಿ ನೇರಳೆ ಚುಕ್ಕೆಯಾಗಿ ಕಾಣುತ್ತದೆ. ಟಿವಿ ರಿಮೋಟ್ ಪರೀಕ್ಷೆ ಮಾಡುವುದೂ ಹೀಗೇ.

ದೀಪ ಉರಿಯುತ್ತದೆ, ಆದರೆ ಬಾಣ ಕುಣಿಯುತ್ತದೆ, ತಡವರಿಸುತ್ತದೆ. ಯಾಕೆ?

ಇದಕ್ಕೆ ಉತ್ತರ ಗೊತ್ತಾಗಬೇಕಾದರೆ ಮೌಸ್ ಹೊಟ್ಟೆಯಲ್ಲಿ ಏನಿದೆ ಅಂತ ತಿಳಿಯಬೇಕು. ಡಗ್ಲಾಸ್ ಎಂಗಲ್‌ಬಾರ್ಟ್ ಮತ್ತು ಬಿಲ್ ಇಂಗ್ಲಿಷ್ 1964ರಲ್ಲಿ ಅಮೆರಿಕದ ಸ್ಟ್ಯಾನ್‌ಫರ್ಡ್ ಸಂಶೋಧನಾ ಸಂಸ್ಥೆಯಲ್ಲಿ ಮಾಡಿದ ಮೊದಲ ಮೌಸ್ ಒಂದು ಮರದ ಡಬ್ಬಿ. ಅದರ ಕೆಳಗೆ ಎರಡು ಚಕ್ರ ಇದ್ದವು. ಆಮೇಲೆ ಚಕ್ರದ ಜಾಗಕ್ಕೆ ರಬ್ಬರ್ ಗುಂಡು ಬಂತು. ಶಾಲೆ ಲ್ಯಾಬ್‌ಗಳಲ್ಲಿ ಆ ಗುಂಡು ತೆಗೆದು, ಒಳಗಿನ ಉರುಳೆಗೆ ಮೆತ್ತಿದ ಕೊಳೆಯನ್ನು ಉಗುರಿನಿಂದ ಕೆರೆದದ್ದು ನಿಮ್ಮಲ್ಲಿ ಕೆಲವರಿಗಾದರೂ ನೆನಪಿರಬೇಕು. 1999ರಿಂದೀಚೆಗೆ ಬೆಳಕಿನ ಮೌಸ್ ಎಲ್ಲ ಕಡೆ ಹಬ್ಬಿತು. ಅದರಲ್ಲಿರುವುದು ಒಂದು ಪುಟ್ಟ ಕ್ಯಾಮೆರಾ. ಮೇಜಿನ ಮೇಲ್ಮೈಯನ್ನು ಸೆಕೆಂಡಿಗೆ ಸಾವಿರಾರು ಸಲ ಫೋಟೊ ತೆಗೆದು, ಹಿಂದಿನ ಫೋಟೊಗೂ ಈಗಿನದಕ್ಕೂ ಎಷ್ಟು ಸರಿದಿದೆ ಅಂತ ಲೆಕ್ಕ ಹಾಕಿ ಬಾಣ ಓಡಿಸುತ್ತದೆ.

ಕ್ಯಾಮೆರಾಗೆ ಏನಾದರೂ ಕಾಣಬೇಕು ಅಲ್ವಾ? ಗಾಜಿನ ಟೀಪಾಯಿ ಮೇಲೆ ಅದಕ್ಕೆ ಹಿಡಿಯಲು ಗುರುತೇ ಇರುವುದಿಲ್ಲ. ತುಂಬಾ ಹೊಳೆಯುವ ಮೇಜಿನ ಮೇಲೂ ಅಷ್ಟೇ. ಕೆಳಗೆ ಒಂದು ಬಿಳಿ ಹಾಳೆ ಇಟ್ಟು ನೋಡಿ. ಕಾಗದ ನಮಗೆ ನುಣುಪು, ಆ ಕ್ಯಾಮೆರಾಗೆ ಅದರಲ್ಲಿ ನಾರು ಕಾಣುತ್ತದೆ. ಬಾಣ ನೆಟ್ಟಗಾದರೆ ಒಂದು ಮೌಸ್ ಪ್ಯಾಡ್ ಸಾಕು.

ಆಗಲೂ ಕುಣಿದರೆ ಮೌಸ್ ಮಗುಚಿ, ಬೆಳಕು ಬರುವ ತೂತಿನೊಳಗೆ ಟಾರ್ಚ್ ಬಿಡಿ. ಅಂಚೆ ಕಚೇರಿಯಿಂದ ನಿವೃತ್ತರಾದ ಹಿರಿಯರೊಬ್ಬರು ತಂದ ಮೌಸ್‌ನಲ್ಲಿ, ಆ ತೂತಿಗೆ ಅಡ್ಡವಾಗಿ, ಬಿಲ್ಲಿನ ಹಾಗೆ ಬಾಗಿ ಒಂದು ಬಿಳಿ ಕೂದಲು ಕೂತಿತ್ತು. ಬರಿಗಣ್ಣಿಗೆ ಕಾಣುತ್ತಿರಲಿಲ್ಲ, ಟಾರ್ಚ್ ಬೆಳಕಿಗೆ ಮಿಂಚಿತು. ಅವರ ಮನೆಯ ಬೆಕ್ಕಿನದು. ಚಿಮಟದಿಂದ ಎತ್ತಿದೆ, ಅಷ್ಟೇ. ಮೂರು ತಿಂಗಳಿಂದ ಅವರು ಕೈ ನಡುಗುವುದೇ ಕಾರಣ ಅಂದುಕೊಂಡು ಸುಮ್ನೆ ನೊಂದುಕೊಂಡಿದ್ದರು. ಆ ಮಾತು ನನ್ನನ್ನು ಇವತ್ತಿಗೂ ಕಾಡುತ್ತದೆ. ದಯವಿಟ್ಟು ಹಿರಿಯರು ಮೌಸ್ ಸರಿ ಇಲ್ಲ ಅಂದರೆ ಒಮ್ಮೆ ತಿರುಗಿಸಿ ನೋಡಿ.

ವೈರ್ ಒಂದು ಕಡೆ ಬಗ್ಗಿಸಿ ಹಿಡಿದರೆ ಮಾತ್ರ ಓಡುತ್ತದೆ.

ಒಳಗಿನ ಎಳೆ ತುಂಡಾಗಿದೆ. ಹೆಚ್ಚಾಗಿ ಮೌಸ್‌ನಿಂದ ವೈರ್ ಹೊರಬರುವ ಕತ್ತಿನಲ್ಲಿ, ಇಲ್ಲವೇ ಯುಎಸ್‌ಬಿ ಪಿನ್ ಬುಡದಲ್ಲಿ ಹೀಗಾಗುತ್ತದೆ. ಇಲಿ ಕಡಿದಿದ್ದರೆ ನಡುವೆಯೂ ಇರಬಹುದು. ಟೇಪ್ ಸುತ್ತಿದರೆ ಎರಡು ದಿನ ಓಡಬಹುದು, ಆದರೆ ಒಳಗಿನ ಕೆಂಪು ಮತ್ತು ಕಪ್ಪು ಎಳೆ ಒಂದಕ್ಕೊಂದು ತಾಗಿದರೆ ಪೋರ್ಟ್‌ಗೇ ಪೆಟ್ಟು. ಅಂಥ ಮೌಸ್ ಬಳಸಬೇಡಿ.

ವೈರ್‌ಲೆಸ್ ಮೌಸ್ ಇದ್ದಕ್ಕಿದ್ದಂತೆ ನಿಂತಿತು.

ಕೆಳಗಿನ ಸ್ವಿಚ್ ಆನ್ ಇದೆಯಾ ನೋಡಿ. ಬ್ಯಾಗಿನಲ್ಲಿ ಇಡುವಾಗ ಅದು ತಾನಾಗಿ ಆಫ್ ಆಗಿರುತ್ತದೆ. ಆಮೇಲೆ ಸೆಲ್. ಗಡಿಯಾರದಿಂದ ತೆಗೆದ ಹಳೆ ಸೆಲ್ ಹಾಕಿ ಹೊಸದು ಹಾಕಿದೆ ಅನ್ನಬೇಡಿ, ಅಂಗಡಿಯಿಂದ ತಂದ ಸೆಲ್ಲೇ ಹಾಕಿ. ಕೂಡುವ, ಕಳೆಯುವ ಗುರುತು ಸರಿಯಾಗಿರಲಿ. ಎರಡು ಸೆಲ್ ಬೇಕಾದ ಮೌಸ್‌ಗೆ ಒಂದು ಹೊಸದು ಒಂದು ಹಳೆಯದು ಹಾಕುವುದೂ ತಪ್ಪು. ಹೊಸ ಸೆಲ್ ಆದರೆ ಅದರ ತುದಿಯಲ್ಲಿ ತೆಳು ಪ್ಲಾಸ್ಟಿಕ್ ಹಾಳೆ ಉಳಿದಿದೆಯಾ ನೋಡಿ.

ಡಾಂಗಲ್ ತೆಗೆದು ಹತ್ತು ಸೆಕೆಂಡ್ ಬಿಟ್ಟು ಬೇರೆ ಪೋರ್ಟ್‌ಗೆ ಹಾಕಿ. ಸಿಪಿಯು ಮೇಜಿನ ಕೆಳಗೆ ಕಬ್ಬಿಣದ ಕಪಾಟಿನೊಳಗೆ ಇದ್ದರೆ ಸಿಗ್ನಲ್ ಸಿಕ್ಕುವುದಿಲ್ಲ. ಪೆಟ್ಟಿಗೆ ಮೇಲೆ ಹತ್ತು ಮೀಟರ್ ಅಂತ ಬರೆದಿರುವುದು ನಡುವೆ ಏನೂ ಅಡ್ಡ ಇಲ್ಲದಾಗಿನ ಮಾತು.

ಹಾರ್ಡ್ ಡಿಸ್ಕ್ ಹಾಕಿದ ಕೂಡಲೇ ವೈರ್‌ಲೆಸ್ ಮೌಸ್ ಜಗ್ಗುತ್ತದೆ. ಎರಡಕ್ಕೂ ಏನು ಸಂಬಂಧ?

ಸಂಬಂಧ ಇದೆ, ಒಳ್ಳೆಯ ಪ್ರಶ್ನೆ. ನಮ್ಮೂರಿನ ಸ್ಟುಡಿಯೋ ಒಂದರಲ್ಲಿ ಮದುವೆ ಆಲ್ಬಂ ಮಾಡುವವರಿಗೆ ಇದೇ ಕಾಟ. ಫೋಟೊಗಳನ್ನು ಹಾರ್ಡ್ ಡಿಸ್ಕ್‌ಗೆ ಹಾಕಲು ಶುರು ಮಾಡಿದರೆ ಬಾಣ ತಟಕ್ ತಟಕ್ ಅಂತ ನಿಂತು ನಿಂತು ಹೋಗುತ್ತಿತ್ತು. ಎರಡು ಮೌಸ್ ಬದಲಿಸಿದ್ದರು. ಡಾಂಗಲ್ ಮಾತಾಡುವುದು 2.4 ಗಿಗಾಹರ್ಟ್ಸ್ ರೇಡಿಯೋ ಅಲೆಯಲ್ಲಿ. ಯುಎಸ್‌ಬಿ 3 ಪೋರ್ಟ್ ಮತ್ತು ಅದರ ಕೇಬಲ್ ಜೋರಾಗಿ ಕೆಲಸ ಮಾಡುವಾಗ ಅದೇ ಅಲೆಯ ಸುತ್ತ ಗದ್ದಲ ಎಬ್ಬಿಸುತ್ತವೆ. ಪಕ್ಕದಲ್ಲೇ ಕೂತ ಡಾಂಗಲ್‌ಗೆ ಮೌಸ್‌ನ ಸಣ್ಣ ದನಿ ಕೇಳಿಸುವುದಿಲ್ಲ. ಇಂಟೆಲ್ ಕಂಪನಿಯೇ 2012ರಲ್ಲಿ ಇದನ್ನು ವಿವರಿಸಿ ಬರೆದಿದೆ. ಯುಎಸ್‌ಬಿ 3 ಪೋರ್ಟ್‌ಗಳ ಒಳಗೆ ಸಾಮಾನ್ಯವಾಗಿ ನೀಲಿ ಬಣ್ಣ ಇರುತ್ತದೆ. ಡಾಂಗಲನ್ನು ಅದರಿಂದ ದೂರದ ಕಪ್ಪು ಪೋರ್ಟ್‌ಗೆ ಹಾಕಿ. ಅದಕ್ಕಿಂತ ಒಳ್ಳೆಯದು, ಒಂದು ಯುಎಸ್‌ಬಿ ಎಕ್ಸ್‌ಟೆನ್ಷನ್ ಕೇಬಲ್ ತಂದು ಡಾಂಗಲನ್ನು ಮೌಸ್ ಹತ್ತಿರ ಮೇಜಿನ ಮೇಲೆ ಇಡಿ. ಸ್ಟುಡಿಯೋದವರ ಕಾಟ ಆ ಒಂದು ಕೇಬಲ್‌ನಿಂದ ಮುಗಿಯಿತು.

ಡಾಂಗಲ್ ಕಳೆದುಹೋಗಿದೆ. ಬೇರೆ ಡಾಂಗಲ್ ಹಾಕಬಹುದಾ?

ಮೊದಲು ಸೆಲ್ ಮುಚ್ಚಳ ತೆಗೆದು ನೋಡಿ, ಅದನ್ನು ಇಡಲು ಹಲವು ಮೌಸ್‌ಗಳಲ್ಲಿ ಅಲ್ಲೇ ಗೂಡು ಇರುತ್ತದೆ. ಇಲ್ಲವೆಂದಾದರೆ ಸಾಧಾರಣ ಮೌಸ್‌ಗೆ ಬೇರೆ ಡಾಂಗಲ್ ಹೊಂದುವುದಿಲ್ಲ, ಜೋಡಿಯಾಗಿಯೇ ಬರುತ್ತವೆ. ಲಾಜಿಟೆಕ್ ಕಂಪನಿಯ ಯೂನಿಫೈಯಿಂಗ್ ಅನ್ನುವ ಜಾತಿಯ ಮೌಸ್ ಆಗಿದ್ದರೆ ಬೇರೆ ಯೂನಿಫೈಯಿಂಗ್ ಡಾಂಗಲ್ ತಂದು ಅವರ ಸಾಫ್ಟ್‌ವೇರ್‌ನಲ್ಲಿ ಜೋಡಿಸಬಹುದು. ಅದರ ಮೇಲೆ ಕಿತ್ತಳೆ ಬಣ್ಣದ ನಕ್ಷತ್ರದಂಥ ಗುರುತು ಇರುತ್ತದೆ. 2021ರಲ್ಲಿ ಬಂದ ಅವರದೇ ಬೋಲ್ಟ್ ಡಾಂಗಲ್ ಬೇರೆ ಜಾತಿ, ಇದಕ್ಕೆ ಅದು ಆಗುವುದಿಲ್ಲ.

ಸೆಲ್ ಜಾಗದಲ್ಲಿ ಬಿಳಿ ಪುಡಿ ಕಟ್ಟಿದೆ. ಮೌಸ್ ಎಸೆಯಬೇಕಾ?

ಬೇಡ, ಮುಕ್ಕಾಲು ಪಾಲು ಉಳಿಸಬಹುದು. ಸೆಲ್ ಸೋರಿ ಹೀಗಾಗುತ್ತದೆ. ಮಳೆಗಾಲದ ತೇವದಲ್ಲಿ ಸ್ಪ್ರಿಂಗ್ ಬೇಗ ಹಸಿರು ತಿರುಗುತ್ತದೆ. ಆಲ್ಕಲೈನ್ ಸೆಲ್‌ನಿಂದ ಸೋರುವುದು ಕ್ಷಾರ, ಬರಿಗೈಯಲ್ಲಿ ಮುಟ್ಟಬೇಡಿ, ಕೈಗೆ ಪ್ಲಾಸ್ಟಿಕ್ ಚೀಲ ಹಾಕಿಕೊಳ್ಳಿ. ಸೆಲ್ ತೆಗೆದು ಪುಡಿಯನ್ನು ಒಣ ಬ್ರಷ್‌ನಿಂದ ಕೊಡವಿ. ಕಿವಿಗೆ ಹಾಕುವ ಹತ್ತಿ ಕಡ್ಡಿಗೆ ಒಂದು ಹನಿ ನಿಂಬೆರಸ ಅಥವಾ ವಿನೆಗರ್ ತಾಗಿಸಿ, ಲೋಹದ ಪಟ್ಟಿಯನ್ನು ಮಾತ್ರ ಉಜ್ಜಿ. ಸಣ್ಣಗೆ ನೊರೆ ಬರಬಹುದು. ಆಮೇಲೆ ನೀರು ತಾಗಿಸಿ ಹಿಂಡಿದ ಕಡ್ಡಿಯಿಂದ ಒರೆಸಿ, ಒಂದು ದಿನ ಒಣಗಲು ಬಿಡಿ. ಲೋಹ ಮತ್ತೆ ಹೊಳೆದರೆ ಮೌಸ್ ಎದ್ದ ಹಾಗೆ. ಬೇಸಿಗೆ ರಜೆಗೆ ಶಾಲೆ ಲ್ಯಾಬ್ ಮುಚ್ಚುವಾಗ ಎಲ್ಲ ಮೌಸ್‌ನಿಂದ ಸೆಲ್ ತೆಗೆದಿಡಿ ಅಂತ ಮೇಷ್ಟ್ರುಗಳಿಗೆ ಪ್ರತಿ ವರ್ಷ ಹೇಳುತ್ತೇನೆ.

ಬ್ಲೂಟೂತ್ ಮೌಸ್ ಪಟ್ಟಿಯಲ್ಲಿದೆ, ಆದರೆ ಕನೆಕ್ಟ್ ಆಗುತ್ತಿಲ್ಲ.

ಪಟ್ಟಿಯಿಂದ ಅದನ್ನು ತೆಗೆದುಹಾಕಿ ಹೊಸದಾಗಿ ಜೋಡಿಸಿ. ವಿಂಡೋಸ್ 11ರಲ್ಲಿ ಸೆಟ್ಟಿಂಗ್ಸ್, ಆಮೇಲೆ ಬ್ಲೂಟೂತ್ ಅಂಡ್ ಡಿವೈಸಸ್. ಮೌಸ್ ಕೆಳಗಿನ ಬಟನ್ ಅನ್ನು ದೀಪ ಬೇಗ ಬೇಗ ಮಿನುಗುವವರೆಗೆ ಒತ್ತಿ ಹಿಡಿಯಬೇಕು. ಕೆಳಗೆ 1, 2, 3 ಅಂತ ಗುರುತು ಇದ್ದರೆ ಅದು ಮೂರು ಸಾಧನಕ್ಕೆ ಜೋಡಿಸುವ ಮೌಸ್. ಮಕ್ಕಳು ಒತ್ತಿ 1ರಿಂದ 2ಕ್ಕೆ ಹೋಗಿರುತ್ತದೆ, ಅದನ್ನೇ ಮೊದಲು ನೋಡಿ. ಏರೋಪ್ಲೇನ್ ಮೋಡ್ ಆನ್ ಆಗಿದ್ದರೂ ಬ್ಲೂಟೂತ್ ಆಫ್ ಆಗಿರಬಹುದು.

ಒಂದು ಸಲ ಕ್ಲಿಕ್ ಮಾಡಿದರೆ ಎರಡು ಸಲ ಆಗುತ್ತದೆ. ಫೈಲ್ ಎಳೆಯುವಾಗ ನಡುವೆ ಕೈಬಿಡುತ್ತದೆ.

ಎರಡೂ ಒಂದೇ ಕಾಯಿಲೆ. ಬಟನ್ ಕೆಳಗೆ ಅಕ್ಕಿ ಕಾಳಿಗಿಂತ ಸ್ವಲ್ಪ ದೊಡ್ಡದಾದ ಸ್ವಿಚ್ ಇದೆ, ಅದರೊಳಗೆ ತೆಳು ಲೋಹದ ಎಲೆ. ಒತ್ತಿದಾಗ ಅದು ಬಾಗಿ ಸಂಪರ್ಕ ಕೊಡುತ್ತದೆ. ಲಕ್ಷಾಂತರ ಕ್ಲಿಕ್ ಆದ ಮೇಲೆ ಎಲೆಯ ಬಿಗಿ ಹೋಗುತ್ತದೆ, ತುದಿ ಕಪ್ಪಾಗುತ್ತದೆ. ಒಮ್ಮೆ ಒತ್ತಿದರೂ ತಾಗಿ, ಬಿಟ್ಟು, ಮತ್ತೆ ತಾಗುತ್ತದೆ. ಕಂಪ್ಯೂಟರ್ ಅದನ್ನು ಎರಡು ಕ್ಲಿಕ್ ಅಂತ ಎಣಿಸುತ್ತದೆ. ಒತ್ತಿ ಹಿಡಿದಾಗ ಹೀಗೆ ಬಿಟ್ಟುಹೋದರೆ ಎಳೆಯುತ್ತಿದ್ದ ಫೈಲ್ ನಡುದಾರಿಯಲ್ಲಿ ಬೇರೆ ಯಾವುದೋ ಫೋಲ್ಡರ್‌ಗೆ ಬೀಳುತ್ತದೆ. ಫೈಲ್ ಕಾಣೆಯಾಯಿತು ಅಂತ ಬಂದವರಿಗೆ ನಾನು ಮೊದಲು ಕೇಳುವುದೇ ನಿಮ್ಮ ಮೌಸ್ ಹೇಗಿದೆ ಅಂತ.

ಆದರೆ ತೀರ್ಪು ಕೊಡುವ ಮೊದಲು ಸೆಟ್ಟಿಂಗ್ ನೋಡಿ. ಫೋಲ್ಡರ್ ಆಪ್ಷನ್ಸ್‌ನಲ್ಲಿ ಸಿಂಗಲ್ ಕ್ಲಿಕ್‌ಗೇ ತೆರೆಯುವ ಆಯ್ಕೆ ಇದ್ದರೂ ಹಾಗೇ ಅನಿಸುತ್ತದೆ. ಆ ಆಯ್ಕೆ ಇಲ್ಲದಿದ್ದರೆ ಸ್ವಿಚ್ ಸವೆದಿದೆ. ಬೆಸುಗೆ ಬಲ್ಲವರು ಹೊಸ ಸ್ವಿಚ್ ಹಾಕಿಕೊಡುತ್ತಾರೆ. ದುಬಾರಿ ಮೌಸ್ ಆದರೆ ಮಾಡಿಸಿ, ಮುನ್ನೂರು ರೂಪಾಯಿಯದಾದರೆ ಕೂಲಿಯೇ ಅಷ್ಟಾಗುತ್ತದೆ.

ಎಡ ಬಟನ್ ಒತ್ತಿದರೆ ಮೆನು ಬರುತ್ತದೆ, ಬಲ ಒತ್ತಿದರೆ ಫೈಲ್ ಆಯ್ಕೆಯಾಗುತ್ತದೆ!

ಯಾರೋ ಎಡಗೈಯವರ ಸೆಟ್ಟಿಂಗ್ ಆನ್ ಮಾಡಿದ್ದಾರೆ. ವಿಂಡೋಸ್ ಕೀ ಹಿಡಿದು ಆರ್ ಒತ್ತಿ. ಬಂದ ಚಿಕ್ಕ ಕಿಟಕಿಯಲ್ಲಿ ಎಂ, ಎ, ಐ, ಎನ್, ಆಮೇಲೆ ಚುಕ್ಕೆ, ಆಮೇಲೆ ಸಿ, ಪಿ, ಎಲ್ ಅಂತ ಜಾಗ ಬಿಡದೆ ಇಂಗ್ಲಿಷಿನಲ್ಲಿ ಟೈಪ್ ಮಾಡಿ ಎಂಟರ್ ಒತ್ತಿ. ನುಡಿಯೋ ಬೇರೆ ಕನ್ನಡ ಕೀಬೋರ್ಡೋ ಆನ್ ಇದ್ದರೆ ಮೊದಲು ಆಫ್ ಮಾಡಿ. ತೆರೆದ ಮೌಸ್ ಪ್ರಾಪರ್ಟೀಸ್‌ನ ಮೊದಲ ಪುಟದಲ್ಲೇ ಬಟನ್ ಅದಲುಬದಲು ಮಾಡುವ ಟಿಕ್ ಇದೆ, ತೆಗೆದುಬಿಡಿ. ಡಬಲ್ ಕ್ಲಿಕ್ ವೇಗವೂ ಅಲ್ಲೇ. ವಯಸ್ಸಾದವರಿಗೆ ಅದನ್ನು ನಿಧಾನಕ್ಕೆ ಇಟ್ಟುಕೊಡಿ, ಅವರ ಅರ್ಧ ಕಷ್ಟ ಕಳೆಯುತ್ತದೆ.

ಸ್ಕ್ರಾಲ್ ಚಕ್ರ ತಿರುಗಿಸಿದರೆ ಪುಟ ಮೇಲೆ ಕೆಳಗೆ ಜಿಗಿಯುತ್ತದೆ.

ಚಕ್ರದ ಅಚ್ಚಿನಲ್ಲಿ ದೂಳು, ಕೂದಲು ಸುತ್ತಿರುತ್ತದೆ. ಮೌಸ್‌ನ ಪಿನ್ ಅಥವಾ ಸೆಲ್ ತೆಗೆದು, ಚಕ್ರ ತಿರುಗಿಸುತ್ತಾ ಸಂದಿಯಲ್ಲಿ ಗಾಳಿ ಹಾಯಿಸಿ. ಆಗದಿದ್ದರೆ ಬಿಚ್ಚಬೇಕು. ಸ್ಕ್ರೂ ಹೆಚ್ಚಾಗಿ ಕೆಳಗಿನ ಸ್ಟಿಕ್ಕರ್ ಅಥವಾ ನುಣುಪು ಪಟ್ಟಿಯ ಅಡಿಯಲ್ಲಿ ಅಡಗಿರುತ್ತದೆ. ಎಣ್ಣೆ ಮಾತ್ರ ಬಿಡಬೇಡಿ. ಒಬ್ಬ ಟೈಲರ್ ತಮ್ಮ ಹೊಲಿಗೆ ಮೆಷಿನ್ ಎಣ್ಣೆಯನ್ನೇ ಎರಡು ಹನಿ ಬಿಟ್ಟಿದ್ದರು. ದೂಳು ಎಣ್ಣೆ ಸೇರಿ ಕಾಡಿಗೆಯಂತಾಗಿ ಬಟನ್‌ಗಳವರೆಗೂ ಹರಿದಿತ್ತು.

ಯಾರೂ ಮುಟ್ಟದಿದ್ದರೂ ಬಾಣ ತಾನಾಗೇ ಓಡುತ್ತದೆ. ವೈರಸ್ಸಾ?

ಬಹುಪಾಲು ಅಲ್ಲ. ಮೌಸ್ ತೆಗೆದುಬಿಡಿ. ಬಾಣ ನಿಂತರೆ ಮೌಸ್‌ನದೇ ತೊಂದರೆ. ನಿಲ್ಲದಿದ್ದರೆ ಬೇರೆ ಯಾವುದಾದರೂ ಡಾಂಗಲ್ ಹಾಕಿಯೇ ಇದೆಯಾ ನೋಡಿ. ಅದರ ಜೋಡಿ ಮೌಸ್ ಯಾವುದೋ ಬ್ಯಾಗಿನಲ್ಲಿ ಆನ್ ಆಗಿದ್ದು, ಅಲ್ಲಾಡಿದಾಗೆಲ್ಲ ನಿಮ್ಮ ಬಾಣ ಓಡುತ್ತಿರಬಹುದು.

ಲ್ಯಾಪ್‌ಟಾಪ್ ಚಾರ್ಜ್ ಆಗುವಾಗ ಮಾತ್ರ ಟಚ್‌ಪ್ಯಾಡ್ ಹುಚ್ಚಾಟ ಆಡಿದರೆ ಅರ್ತಿಂಗ್ ಸರಿ ಇಲ್ಲ. ಮೂರು ಪಿನ್‌ನ ಚಾರ್ಜರ್ ಅನ್ನು ಎರಡು ಪಿನ್ ಅಡಾಪ್ಟರ್‌ನಲ್ಲಿ ಹಾಕಿರುತ್ತೀರಿ, ಇಲ್ಲವೇ ಮನೆಯ ಅರ್ತ್ ಒಣಗಿರುತ್ತದೆ. ಎಲೆಕ್ಟ್ರಿಷಿಯನ್ ಕರೆಸಿ, ಇದು ಮೌಸ್‌ಗಿಂತ ದೊಡ್ಡ ವಿಷಯ. ಟಚ್‌ಪ್ಯಾಡ್ ಉಬ್ಬಿಕೊಂಡು ಒತ್ತಲು ಗಟ್ಟಿಯಾಗಿದ್ದರೆ ಕೆಳಗಿನ ಬ್ಯಾಟರಿ ಊದಿರಬಹುದು. ಕೂಡಲೇ ಆಫ್ ಮಾಡಿ, ಚಾರ್ಜ್ ಹಾಕಬೇಡಿ, ರಿಪೇರಿಯವರಿಗೆ ತೋರಿಸಿ. ಬೆಂಕಿ ಹತ್ತಬಹುದಾದ ವಸ್ತು ಅದು.

ಬಾಣ ಸುಮ್ಮನೆ ಕುಣಿಯದೆ, ಮನುಷ್ಯರ ಹಾಗೆ ಹುಡುಕಿ ಬ್ಯಾಂಕ್ ಪುಟವನ್ನೋ ಮೇಲ್ ಅನ್ನೋ ತೆರೆಯುತ್ತಿದ್ದರೆ ಮಾತು ಬೇರೆ. ಕಸ್ಟಮರ್ ಕೇರ್ ಅಂತ ಫೋನ್ ಮಾಡಿದವರು ಹೇಳಿದ ರಿಮೋಟ್ ಆಪ್ ಹಾಕಿಕೊಂಡಿದ್ದಿರಾ? ಆ ಕ್ಷಣವೇ ಇಂಟರ್ನೆಟ್ ಕಡಿಯಿರಿ, ವೈಫೈ ರೂಟರ್ ಆಫ್ ಮಾಡಿದರೂ ಆಯಿತು. ದುಡ್ಡು ಹೋಗಿದ್ದರೆ ತಡಮಾಡದೆ 1930ಕ್ಕೆ ಕರೆ ಮಾಡಿ, ಅದು ಸೈಬರ್ ವಂಚನೆಯ ಸಹಾಯವಾಣಿ. ಬ್ಯಾಂಕಿಗೂ ಹೇಳಿ.

ಲ್ಯಾಪ್‌ಟಾಪ್‌ನ ಟಚ್‌ಪ್ಯಾಡ್ ಸತ್ತಿದೆ, ಬೇರೆ ಮೌಸ್ ಹಾಕಿದರೆ ಓಡುತ್ತದೆ.

ಮೇಲಿನ ಎಫ್ ಕೀಗಳಲ್ಲಿ ಟಚ್‌ಪ್ಯಾಡ್ ಚಿತ್ರ ಇರುವ ಕೀ ಹುಡುಕಿ. ಎಫ್ಎನ್ ಜೊತೆ ಅದನ್ನು ಒತ್ತಿ. ಕೈ ತಾಗಿ ಆಫ್ ಆಗಿರುವುದೇ ಜಾಸ್ತಿ. ಮೌಸ್ ಹಾಕಿದಾಗ ಟಚ್‌ಪ್ಯಾಡ್ ಆಫ್ ಆಗಲಿ ಅನ್ನುವ ಸೆಟ್ಟಿಂಗ್ ಕೂಡ ಇದೆ, ಅದನ್ನೂ ನೋಡಿ.

ಬಾಣವೇ ಕಾಣುತ್ತಿಲ್ಲ.

ಎರಡನೇ ಮಾನಿಟರ್ ಅಥವಾ ಪ್ರೊಜೆಕ್ಟರ್ ಹಾಕಿದ್ದರೆ ಬಾಣ ಅಲ್ಲಿಗೆ ಹೋಗಿರಬಹುದು. ವಿಂಡೋಸ್ ಕೀ ಮತ್ತು ಪಿ ಒತ್ತಿ ಪಿಸಿ ಪರದೆ ಮಾತ್ರ ಆರಿಸಿ. ಅದಲ್ಲದಿದ್ದರೆ ವಿಂಡೋಸ್, ಕಂಟ್ರೋಲ್, ಶಿಫ್ಟ್, ಬಿ ನಾಲ್ಕನ್ನೂ ಒಟ್ಟಿಗೆ ಒತ್ತಿ. ಪರದೆ ಒಮ್ಮೆ ಕಪ್ಪಾಗಿ ಬರುತ್ತದೆ, ಹೆದರಬೇಡಿ, ಗ್ರಾಫಿಕ್ಸ್ ಮತ್ತೆ ಶುರುವಾಯಿತು ಅಷ್ಟೇ.

ಫೋನ್‌ನಲ್ಲಿ ಮೌಸ್ ಓಡಿತು, ಕಂಪ್ಯೂಟರ್‌ನಲ್ಲಿ ಯಾವ ಪೋರ್ಟ್‌ನಲ್ಲೂ ಓಡುತ್ತಿಲ್ಲ. ಈಗ?

ಮೊದಲು ರೀಸ್ಟಾರ್ಟ್. ಶಟ್‌ಡೌನ್ ಅಲ್ಲ, ರೀಸ್ಟಾರ್ಟ್. ವಿಂಡೋಸ್‌ನ ಫಾಸ್ಟ್ ಸ್ಟಾರ್ಟಪ್ ಆನ್ ಇದ್ದರೆ ಶಟ್‌ಡೌನ್ ಮಾಡಿದಾಗ ಒಳಗಿನ ಸ್ಥಿತಿಯನ್ನು ಅರ್ಧ ಉಳಿಸಿಕೊಂಡು ಮಲಗುತ್ತದೆ, ಅದರ ಜೊತೆ ತೊಂದರೆಯೂ ಉಳಿಯುತ್ತದೆ. ಆಗದಿದ್ದರೆ ಡೆಸ್ಕ್‌ಟಾಪ್ ಆಫ್ ಮಾಡಿ, ಗೋಡೆಯ ಪಿನ್ ಕಿತ್ತು, ಪವರ್ ಬಟನ್ ಅನ್ನು ಇಪ್ಪತ್ತು ಸೆಕೆಂಡ್ ಒತ್ತಿ ಹಿಡಿದು, ಮತ್ತೆ ಹಾಕಿ. ಗುಡುಗು ಸಿಡಿಲಿನ ಮಾರನೇ ದಿನ ಹೀಗೆ ಎದ್ದ ಪೋರ್ಟ್‌ಗಳು ಎಷ್ಟೋ.

ಆಮೇಲೆ ಡ್ರೈವರ್, ಅಂದರೆ ವಿಂಡೋಸ್‌ಗೆ ಮೌಸ್ ಜೊತೆ ಮಾತಾಡಲು ಬೇಕಾದ ಸಾಫ್ಟ್‌ವೇರ್. ವಿಂಡೋಸ್ ಕೀ ಮತ್ತು ಎಕ್ಸ್ ಒತ್ತಿ, ಕೈಬಿಟ್ಟು, ಎಂ ಒತ್ತಿದರೆ ಡಿವೈಸ್ ಮ್ಯಾನೇಜರ್ ಬರುತ್ತದೆ. ಟ್ಯಾಬ್ ಮತ್ತು ಬಾಣದ ಕೀಯಿಂದ ಮೈಸ್ ಅಂಡ್ ಅದರ್ ಪಾಯಿಂಟಿಂಗ್ ಡಿವೈಸಸ್‌ಗೆ ಹೋಗಿ, ಬಲ ಬಾಣ ಒತ್ತಿ ಬಿಚ್ಚಿ. ಮೌಸ್ ಮೇಲೆ ನಿಂತು ಶಿಫ್ಟ್ ಮತ್ತು ಎಫ್10, ಆಮೇಲೆ ಅನ್‌ಇನ್‌ಸ್ಟಾಲ್ ಡಿವೈಸ್. ರೀಸ್ಟಾರ್ಟ್ ಮಾಡಿದರೆ ವಿಂಡೋಸ್ ತಾನೇ ಮತ್ತೆ ಹಾಕಿಕೊಳ್ಳುತ್ತದೆ.

ಕೆಲವೊಮ್ಮೆ ತಪ್ಪು ಅಪ್‌ಡೇಟ್‌ನದೇ ಆಗಿರುತ್ತದೆ. 2025ರ ಅಕ್ಟೋಬರ್ 14ರ ವಿಂಡೋಸ್ 11 ಅಪ್‌ಡೇಟ್ ಆದ ಮೇಲೆ, ವಿಂಡೋಸ್ ಕೆಟ್ಟಾಗ ಸರಿಪಡಿಸಲು ತೆರೆಯುವ ರಿಕವರಿ ಪರದೆಯಲ್ಲಿ ಯುಎಸ್‌ಬಿ ಮೌಸ್, ಕೀಬೋರ್ಡ್ ಎರಡೂ ನಿಂತುಹೋಗಿದ್ದವು. ಒಂದು ವಾರದೊಳಗೆ ಸರಿಪಡಿಸುವ ಅಪ್‌ಡೇಟ್ ಬಂತು.

ಸ್ವಲ್ಪ ಹೊತ್ತು ಬಿಟ್ಟರೆ ಮೌಸ್ ಮಲಗುತ್ತದೆ, ಪಿನ್ ತೆಗೆದು ಹಾಕಬೇಕು.

ಕರೆಂಟ್ ಉಳಿಸಲು ವಿಂಡೋಸ್ ಪೋರ್ಟ್ ಆಫ್ ಮಾಡುತ್ತಿದೆ. ಡಿವೈಸ್ ಮ್ಯಾನೇಜರ್‌ನಲ್ಲಿ ಕೆಳಗಿರುವ ಯುಎಸ್‌ಬಿ ರೂಟ್ ಹಬ್ ತೆರೆದು, ಪವರ್ ಮ್ಯಾನೇಜ್‌ಮೆಂಟ್ ಪುಟದಲ್ಲಿ ಮೊದಲ ಟಿಕ್ ತೆಗೆಯಿರಿ. ಹಬ್ ಎರಡು ಮೂರು ಇದ್ದರೆ ಎಲ್ಲದರಲ್ಲೂ.

ನಮ್ಮ ಕಚೇರಿಯಲ್ಲಿ ಇನ್ನೂ ದುಂಡು ಪಿನ್‌ನ ಮೌಸ್ ಇದೆ.

ಪಿಎಸ್2 ಅದು. ಹಸಿರು ತೂತು ಮೌಸ್‌ಗೆ, ನೇರಳೆ ಕೀಬೋರ್ಡ್‌ಗೆ. ಕಂಪ್ಯೂಟರ್ ಆನ್ ಇರುವಾಗ ತೆಗೆದು ಹಾಕಬೇಡಿ. ಆಫ್ ಮಾಡಿ, ಹಾಕಿ, ಆನ್ ಮಾಡಿ. ಒಳಗಿನ ಆರು ಕಡ್ಡಿಗಳಲ್ಲಿ ಯಾವುದಾದರೂ ಬಾಗಿದ್ದರೆ ಚಿಮಟದಿಂದ ಮೆಲ್ಲಗೆ ನೆಟ್ಟಗೆ ಮಾಡಿ.

ಮೌಸ್ ಮೇಲೆ ಚಹಾ ಚೆಲ್ಲಿತು.

ಕೂಡಲೇ ಪಿನ್ ಅಥವಾ ಸೆಲ್ ತೆಗೆಯಿರಿ. ಇನ್ನೂ ಓಡುತ್ತದಾ ಅಂತ ನೋಡಬೇಡಿ. ಬಿಚ್ಚಲು ಬಂದರೆ ಬಿಚ್ಚಿ, ಐಸೊಪ್ರೊಪೈಲ್ ಆಲ್ಕೊಹಾಲ್ ತಾಗಿಸಿದ ಹತ್ತಿಯಿಂದ ಒರೆಸಿ, ಎರಡು ದಿನ ಫ್ಯಾನ್ ಕೆಳಗಿಡಿ. ಅಕ್ಕಿ ಡಬ್ಬದಲ್ಲಿ ಹುಗಿದರೆ ಪ್ರಯೋಜನವಿಲ್ಲ, ಹಿಟ್ಟಿನ ದೂಳು ಒಳಗೆ ಸೇರುತ್ತದೆ. ಸಕ್ಕರೆ ಉಳಿದರೆ ಬಟನ್ ಅಂಟುತ್ತದೆ, ಮಳೆಗಾಲದಲ್ಲಿ ಇರುವೆ ಸಂಸಾರ ಹೂಡುತ್ತವೆ. ಬಿಚ್ಚಿದ ಮೌಸ್‌ನಿಂದ ಮೊಟ್ಟೆ ಸಮೇತ ಇರುವೆ ಸಾಲು ಹೊರಟದ್ದನ್ನು ನಾನೇ ಕಂಡಿದ್ದೇನೆ.

ಆ್ಯಪಲ್ ಮ್ಯಾಜಿಕ್ ಮೌಸ್ ಚಾರ್ಜ್ ಹಾಕಿದಾಗ ಬಳಸಲು ಆಗುತ್ತಿಲ್ಲ.

ಅದನ್ನು ಮಾಡಿರುವುದೇ ಹಾಗೆ. ಚಾರ್ಜಿಂಗ್ ತೂತು ಹೊಟ್ಟೆಯಲ್ಲಿದೆ. ಮಧ್ಯಾಹ್ನ ಊಟಕ್ಕೆ ಏಳುವಾಗ ಚಾರ್ಜ್‌ಗೆ ಹಾಕಿ.

ಎಲ್ಲ ನೋಡಿಯಾಯಿತು, ಮೌಸ್ ನಿಜಕ್ಕೂ ಸತ್ತಿದೆ. ಹೊಸದು ಯಾವುದು ತರಲಿ?

ದಿನವಿಡೀ ಪಹಣಿ, ಅರ್ಜಿ ಅಂತ ಗ್ರಾಮ ಒನ್ ಕೇಂದ್ರದಲ್ಲೋ ಸೈಬರ್ ಸೆಂಟರ್‌ನಲ್ಲೋ ಕೂರುವವರಿಗೆ ನಾನು ವೈರ್ ಮೌಸ್ ಅನ್ನೇ ಹೇಳುತ್ತೇನೆ. ಸೆಲ್ ಚಿಂತೆ ಇಲ್ಲ, ಡಾಂಗಲ್ ಕಳೆಯುವುದಿಲ್ಲ. ಕೊಳ್ಳುವಾಗ ಕೈಯಲ್ಲಿ ಹಿಡಿದು ನೋಡಿ. ಅಂಗೈ ಅದರ ಮೇಲೆ ಆರಾಮಾಗಿ ಕೂರಬೇಕು. ಲ್ಯಾಪ್‌ಟಾಪ್‌ಗೆಂದು ಮಾಡಿದ ಪುಟಾಣಿ ಮೌಸ್‌ನಲ್ಲಿ ಎಂಟು ಗಂಟೆ ಕೆಲಸ ಮಾಡಿದರೆ ಮಣಿಕಟ್ಟು ನೋಯುತ್ತದೆ. ವಾರಂಟಿ ಚೀಟಿ ಮತ್ತು ಬಿಲ್ ಎರಡನ್ನೂ ಒಂದು ಫೋಟೊ ತೆಗೆದಿಟ್ಟುಕೊಳ್ಳಿ, ಬಿಲ್ಲಿನ ಶಾಯಿ ಆರು ತಿಂಗಳಿಗೇ ಮಾಸುತ್ತದೆ.

ಹಳೆಯದನ್ನು ಏನು ಮಾಡಲಿ?

ಕಸದ ಜೊತೆ ಸುಡಬೇಡಿ, ವೈರ್‌ನ ಪ್ಲಾಸ್ಟಿಕ್ ಹೊಗೆ ತುಂಬಾ ಕೆಟ್ಟದ್ದು. ಸೆಲ್ ತೆಗೆದು ಬೇರೆ ಇಡಿ. ಇ-ತ್ಯಾಜ್ಯ ತೆಗೆದುಕೊಳ್ಳುವ ಕೇಂದ್ರಕ್ಕೆ ಕೊಡಿ, ಅದು ಹತ್ತಿರ ಇಲ್ಲದಿದ್ದರೆ ನಿಮ್ಮೂರಿನ ರಿಪೇರಿ ಅಂಗಡಿಗೆ ಕೊಟ್ಟು ನೋಡಿ. ನನ್ನ ಅಂಗಡಿಯಲ್ಲಿ ಸತ್ತ ಮೌಸ್‌ಗಳಿಗೇ ಒಂದು ಪೆಟ್ಟಿಗೆ ಇದೆ. ಬಲ ಬಟನ್‌ನ ಸ್ವಿಚ್ ಹೆಚ್ಚು ಸವೆದಿರುವುದಿಲ್ಲ, ಅದನ್ನು ತೆಗೆದು ಇನ್ಯಾರದೋ ಮೌಸ್‌ನ ಎಡ ಬಟನ್‌ಗೆ ಹಾಕುತ್ತೇನೆ.